ಇಂಗ್ಲಿಷ್ ಅಭ್ಯಾಸ: ‘ಡಿಡ್’ ಬಂದಾಗ ಧಾತುವೇ ಸಾಕು

ಶಿರ್ವದ ಕನ್ನಡ ಮಾಧ್ಯಮದ ಅನೇಕ ಮಕ್ಕಳಿಗೆ ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ; ಇಂಗ್ಲಿಷು ಮೂರನೆಯ ನುಡಿ. ಅಲ್ಲಿಯ ಬಾಲಕನೊಬ್ಬನು ‘ಐ ಡಿಡ್ ನಾಟ್ ವೆಂಟ್’ ಎಂದು ಓದಿ ಸಹಪಾಠಿಗಳ ನಗೆಗೆ ಗುರಿಯಾದನು. ಅಂದಿನಿಂದ ಇಂಗ್ಲಿಷಿನಲ್ಲಿ ಬಾಯಿ ತೆರೆಯಲೇ ಇಲ್ಲ.

ನಾನು ಕೇಳಿದೆನು: “ಮಗು, ‘ಹೋದೆನು’ ಎಂಬುದಕ್ಕೆ ನಿಷೇಧರೂಪ ‘ಹೋದಲಿಲ್ಲ’ವೋ?”

“ಅಲ್ಲ ಗುರುಗಳೇ, ‘ಹೋಗಲಿಲ್ಲ’.”

ಕನ್ನಡದಲ್ಲಿ ‘ಹೋಗು’ ಧಾತು ಮರಳಿ ಬರುವಂತೆ ಇಂಗ್ಲಿಷಿನಲ್ಲಿಯೂ ಬರುತ್ತದೆ. ಭೂತಕಾಲದ ಭಾರವನ್ನು ‘ಡಿಡ್’ ಹೊತ್ತಮೇಲೆ ಕ್ರಿಯಾಪದವು ‘ಗೋ’ ಎಂದೇ ನಿಲ್ಲಬೇಕು. ಬಾಲಕನು ತಾನೇ ತಿದ್ದಿಕೊಂಡು ಗಟ್ಟಿಯಾಗಿ ಓದಿದನು.

ಅಭ್ಯಾಸ: ‘ಕೇಮ್’, ‘ಸಾ’, ‘ರೋಟ್’ ಇವುಗಳ ನಿಷೇಧರೂಪ ಬರೆಯಿರಿ.

ಉತ್ತರ: ಡಿಡ್ ನಾಟ್ ಕಮ್, ಡಿಡ್ ನಾಟ್ ಸೀ, ಡಿಡ್ ನಾಟ್ ರೈಟ್.

ಹಿರಿಯರೇ, ಮಕ್ಕಳ ತಪ್ಪಿಗೆ ನಗದಿರಿ. ಬಲ್ಲ ನುಡಿಯಿಂದಲೇ ತಿದ್ದಿರಿ.