ಪುಟ ತಿರುವಿದರೆ ಓದಿದಂತಾಯಿತೇ?

ಪುಟಗಳನ್ನು ಪಟಪಟನೆ ತಿರುವಿದರೆ ಸಾಕು, ವಿಷಯ ತಾನಾಗಿ ಮಕ್ಕಳ ತಲೆಗೆ ಇಳಿಯುತ್ತದೆ ಎನ್ನುವ ‘ಕ್ವಾಂಟಮ್ ಸ್ಪೀಡ್ ರೀಡಿಂಗ್’ ಜಪಾನಿನಿಂದ ಹೊರಟು 2019ರಲ್ಲಿ ಚೀನಾದಲ್ಲಿ ನಗೆಪಾಟಲಿಗೀಡಾಯಿತು. ಅದರ ದಾಯಾದಿ, ಕಣ್ಣು ಕಟ್ಟಿದರೂ ಮಕ್ಕಳು ಓದಬಲ್ಲರು ಎನ್ನುವ ‘ಮಿಡ್‌ಬ್ರೈನ್ ಆ್ಯಕ್ಟಿವೇಶನ್’ ನಮ್ಮಲ್ಲಿಗೂ ಬಂತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮಕ್ಕಳು ಓದುವುದು ಅಂತರ್ಬೋಧೆಯಿಂದಲ್ಲ, ಮೂಗಿನ ಪಕ್ಕದ ಸಂದಿನಿಂದ ಇಣುಕಿ ಎಂದು ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ತೋರಿಸಿಕೊಟ್ಟರು. ಸಾವಿರಾರು ರೂಪಾಯಿ ಶುಲ್ಕ ತೆತ್ತ ಪೋಷಕರಿಗೆ ತಮ್ಮ ಮಗುವನ್ನೇ ಅನುಮಾನಿಸುವುದು ಕಷ್ಟ. ಈ ದಂಧೆ ನಿಂತಿರುವುದೇ ಆ ಸಂಕೋಚದ ಮೇಲೆ.

ಕಣ್ಣಿಗೂ ಮಿತಿಯಿದೆ. ಅದಕ್ಕೆ ಅಕ್ಷರ ಸ್ಪಷ್ಟವಾಗಿ ಕಾಣುವುದು ನೋಟದ ನಡುವಿನ ಸುಮಾರು 2 ಡಿಗ್ರಿಯಷ್ಟರಲ್ಲಿ ಮಾತ್ರ. ಹಾಗಾಗಿ ಸಾಲಿನುದ್ದಕ್ಕೂ ನಿಂತು ನಿಂತು ಜಿಗಿಯುತ್ತದೆ. ‘ರಾಷ್ಟ್ರ’ದಂಥ ಪದದಲ್ಲಿ ಎರಡೆರಡು ಒತ್ತುಗಳನ್ನು ಬಿಡಿಸಿಕೊಳ್ಳಬೇಕಾದ ಕನ್ನಡದ ಮಗುವಿಗೆ ಅವಸರ ಹೇಗೆ ನೆರವಾದೀತು? ಮನೋವಿಜ್ಞಾನಿ ಕೀತ್ ರೇನರ್ ಮತ್ತು ಸಂಗಡಿಗರ 2016ರ ಸಂಶೋಧನಾ ಸಮೀಕ್ಷೆ ಹೇಳುವುದೂ ಇದನ್ನೇ: ವೇಗ ಏರಿಸಿದರೆ ಗ್ರಹಿಕೆ ಕುಸಿಯುತ್ತದೆ. ಪರೀಕ್ಷೆಗೆ ವೇಗ ಬೇಡವೇ ಎಂದು ಕೇಳಬಹುದು. ಬೇಕು. ಗೊತ್ತಿರುವ ವಿಷಯದಲ್ಲಿ ಬೇಕಾದ್ದನ್ನಷ್ಟೇ ಹುಡುಕುವಾಗ ಮೇಲ್ನೋಟದ ಓದೂ ಉಪಯೋಗಕ್ಕೆ ಬರುತ್ತದೆ. ಆದರೆ ಓದಿಗೆ ನಿಜವಾದ ವೇಗ ಕೊಡುವುದು ಪದಸಂಪತ್ತು ಮತ್ತು ಇನ್ನಷ್ಟು ಓದು. ಪುಟ ತಿರುವಿಸುವ, ಕಣ್ಣು ಕಟ್ಟುವ ಶಿಬಿರಗಳಿಗೆ ಸುರಿಯುವ ದುಡ್ಡಿನಲ್ಲಿ ಶಾಲೆಯ ಕಪಾಟಿಗೆ ಎಷ್ಟೋ ಕಥೆಪುಸ್ತಕ ಬರುತ್ತವೆ.