ಹೋದ ಊರಿನ ಲೆಕ್ಕ

ಈ ಸಲದ ದೀಪಾವಳಿ ಸಂಚಿಕೆಗಾಗಿ ಹಳೆಯ ಕಡತಗಳನ್ನು ಬಿಚ್ಚಿದಾಗ ತಗಡಿನ ಪೆಟ್ಟಿಗೆಯ ತಳದಲ್ಲಿ ತೆಳುನೀಲಿ ಬಣ್ಣದ ಏರ್ ಲೆಟರ್ ಒಂದು ಸಿಕ್ಕಿತು. ಮಡಿಕೆಯ ಗೆರೆಯಲ್ಲಿ ಶಾಯಿ ಅಳಿಸಿದೆ. ಜಾಗ ಮುಗಿದ ಮೇಲೂ ಮಾತು ಮುಗಿಯದೆ, ಅಂಟು ಹಚ್ಚುವ ಅಂಚಿನವರೆಗೂ ಅಕ್ಷರ ಸಣ್ಣದಾಗುತ್ತ ಹೋಗಿದೆ. ದುಬೈಯಿಂದ 1984ರಲ್ಲಿ ಬಂದದ್ದು. ಬರೆದವರು ಹೊನ್ನಾವರ ತಾಲೂಕಿನ ಒಬ್ಬ ತರುಣ, ಅಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸ. ಕಥೆಯನ್ನು ಬೇರೆ ಲಕೋಟೆಯಲ್ಲಿ ಕಳಿಸಿದ್ದೇನೆ, ಒಪ್ಪಿಗೆಯಾಗದಿದ್ದರೆ ವಾಪಸಿಗೆ ಅಂಚೆಚೀಟಿ ಹಚ್ಚಿದ ಲಕೋಟೆ ಇಡಬೇಕೆಂಬ ನಿಮ್ಮ ನಿಯಮ ಗೊತ್ತು, ಆದರೆ ಇಲ್ಲಿ ಭಾರತದ ಅಂಚೆಚೀಟಿ ಸಿಗುವುದಿಲ್ಲ, ಊರಲ್ಲಿರುವ ಆಯಿಗೆ ಬರೆದಿದ್ದೇನೆ, ಅವಳು ಲಕೋಟೆ ಕಳಿಸುತ್ತಾಳೆ ಎಂದು ತಿಳಿಸಿದ್ದರು.

ಆಯಿಯ ಲಕೋಟೆ ಬಂತು. ಕಥೆಯೂ ಬಂತು. ಆಗ ಪತ್ರಿಕೆಗೆ ಬಂದ ಹಸ್ತಪ್ರತಿಗಳನ್ನು ನೋಡುವ ಕೆಲಸ ನನ್ನದು. ಒಂದೇ ಕೋಣೆಯಲ್ಲಿ ಮಂಚದ ಮೇಲೆ ಮಂಚ ಹಾಕಿಕೊಂಡು ಮಲಗುವವರ ಕಥೆ ಅದು. ಹಗಲು ಪಾಳಿಯವ ಎದ್ದುಹೋದ ಹಾಸಿಗೆ ಆರುವ ಮುಂಚೆ ರಾತ್ರಿ ಪಾಳಿಯವ ಬಂದು ಮಲಗುತ್ತಾನೆ. ಒಂದೇ ಹಾಸಿಗೆಯ ಆ ಇಬ್ಬರೂ ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿರುವುದಿಲ್ಲ. ನನಗೆ ಹಿಡಿಸಿತ್ತು. ಆದರೂ ಬರೆದ ಉತ್ತರದ ನಕಲು ಏರ್ ಲೆಟರಿಗೇ ಟಾಚಣಿ ಹಾಕಿಕೊಂಡು ಕೂತಿದೆ: “ಭಾಷೆ ಚೆನ್ನಾಗಿದೆ. ಆದರೆ ನಮ್ಮ ಓದುಗರಿಗೆ ಈ ಪರಿಸರದ ಪರಿಚಯವಿಲ್ಲ. ಊರಿನ ಬಗ್ಗೆ ಬರೆದು ಕಳಿಸಿ.” ಅವರು ಮಾತು ಕೇಳಿದರು. ಮುಂದಿನ ವರ್ಷ ಶರಾವತಿ ದಾಟಿಸುವ ತಾರಿಯ ಕಥೆ ಬಂತು, ಅಚ್ಚಾಯಿತು, ಮೆಚ್ಚುಗೆಯ ಪತ್ರಗಳೂ ಬಂದವು. ಆ ಕೋಣೆಯ ಕಥೆಯನ್ನು ಅವರು ಮತ್ತೆಂದೂ ಯಾರಿಗೂ ಕಳಿಸಲಿಲ್ಲ.

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕಿನಿಂದ ಹೊರಗೆ ಹೋಗಿ ಬರೆದವರ ಲೆಕ್ಕ ಹಾಕಲು ಕುಳಿತಾಗ ಈ ಏರ್ ಲೆಟರ್ ನನ್ನ ಮೇಜು ಬಿಟ್ಟು ಕದಲಲಿಲ್ಲ. ಬಿಟ್ಟ ಊರನ್ನು ನಮ್ಮವರು ಮನಸಾರೆ ಬರೆದಿದ್ದಾರೆ. ಹೋದ ಊರನ್ನು ಬರೆದದ್ದು ತೀರ ಕಡಿಮೆ. ಅದು ಅವರ ಕೊರತೆ ಎಂದು ಬಹುಕಾಲ ತಿಳಿದಿದ್ದೆ. ಕೇಳಿದವರು ನಾವು, ಕೇಳಿದ್ದನ್ನು ಅವರು ಕೊಟ್ಟರು ಎಂದು ಈಗ ಅನ್ನಿಸುತ್ತಿದೆ.

ಮೊದಲು ಮುಂಬಯಿಯ ಮಾತು. ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸು ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕಾಗದದ ಮೇಲೆ ಮುಂಬಯಿ ನಮ್ಮದೇ ಪ್ರಾಂತ್ಯದ ರಾಜಧಾನಿಯಾಯಿತು. ಆದರೆ ಆಗಬೋಟು ಹತ್ತಿ ಹೋಗುವವನಿಗೆ ಭಾಷೆ ಬೇರೆ, ಊಟ ಬೇರೆ, ನೀರೂ ಬೇರೆ. ದಂಡೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುವ ಮನೆಯವರಿಗೆ ಅದು ಪರದೇಶವೇ. ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ಹಾಗೆ ಹೋಗಿ ಅಲ್ಲಿ ನೆಲೆ ಕಂಡವರು. ಅವರ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ 1887ರದ್ದು, ಹೊಸಗನ್ನಡ ನಾಟಕದ ಚರಿತ್ರೆಯಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವ ಕೃತಿ. ಮುಂಬಯಿಯಲ್ಲಿದ್ದುಕೊಂಡು ಅವರು ಎತ್ತಿಕೊಂಡದ್ದು ಊರಿನ ಕನ್ಯಾವಿಕ್ರಯದ ಪಿಡುಗನ್ನು, ಅದೂ ಹವ್ಯಕರ ಆಡುಮಾತಿನಲ್ಲಿ. ಊರಿನೊಳಗೇ ಇದ್ದಿದ್ದರೆ ಅದನ್ನು ಅಷ್ಟು ನೇರವಾಗಿ ಬರೆಯಲು ಬಿಡುತ್ತಿದ್ದರೇ? ನನಗೆ ಸಂಶಯ. ದೂರ ಹೋದವನಿಗೆ ಸಿಗುವ ಧೈರ್ಯ ಅದು, ಅದರ ಫಲ ಕನ್ನಡಕ್ಕೆ ದಕ್ಕಿತು.

ಆಮೇಲೆ ಯಶವಂತ ಚಿತ್ತಾಲರು. 1928ರಲ್ಲಿ ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ರಾಸಾಯನಿಕ ತಂತ್ರಜ್ಞಾನ ಓದಿ, ಅಮೆರಿಕದ ನ್ಯೂಜೆರ್ಸಿಯ ಸ್ಟೀವನ್ಸ್ ಇನ್‌ಸ್ಟಿಟ್ಯೂಟಿನಲ್ಲಿ ಹೆಚ್ಚಿನ ಪದವಿ ಪಡೆದು ಬಂದು, ಪ್ಲಾಸ್ಟಿಕ್ ಉದ್ಯಮದಲ್ಲಿ ದೊಡ್ಡ ಹುದ್ದೆಗೆ ಏರಿದವರು. ‘ಶಿಕಾರಿ’ ಬಂದದ್ದು 1979ರಲ್ಲಿ. ಕಂಪನಿ ಎಂಬ ಹೊಸ ಕಾಡಿನಲ್ಲಿ ಮನುಷ್ಯ ಬೇಟೆಯಾಗುವ ಬಗೆಯನ್ನು ಕನ್ನಡದಲ್ಲಿ ಅಷ್ಟು ಒಳಹೊಕ್ಕು ಬರೆದವರು ಅವರಿಗಿಂತ ಮೊದಲು ಇರಲಿಲ್ಲ. ಆದರೂ ಚಿತ್ತಾಲರೆಂದರೆ ಓದುಗರಿಗೆ ನೆನಪಾಗುವುದು ಹನೇಹಳ್ಳಿ, ಆಮೇಲೆ ಮುಂಬಯಿ. ನ್ಯೂಜೆರ್ಸಿಯನ್ನು ಯಾರೂ ನೆನೆಯುವುದಿಲ್ಲ. ಅವರ ಹನೇಹಳ್ಳಿ ನಮಗೆ ಎಷ್ಟು ದೊಡ್ಡ ಆಸ್ತಿಯಾಯಿತೆಂದರೆ, ಹೊರಗೆ ಹೋದ ಪ್ರತಿಯೊಬ್ಬ ಲೇಖಕನಿಂದಲೂ ನಾವು ಒಂದೊಂದು ಹನೇಹಳ್ಳಿಯನ್ನೇ ಬಯಸತೊಡಗಿದೆವು.

ಹೋದ ಊರನ್ನೇ ಬರೆದು ಗೆದ್ದವರೂ ನಮ್ಮಲ್ಲಿದ್ದಾರೆ. ಗೋಕರ್ಣದ ಜಯಂತ ಕಾಯ್ಕಿಣಿ ಮುಂಬಯಿಯ ಔಷಧ ಕಂಪನಿಯಲ್ಲಿ ದುಡಿಯುತ್ತ ಆ ನಗರದ ಲೋಕಲ್ ರೈಲು, ಚಾಳು, ಆಸ್ಪತ್ರೆ, ಸಿನಿಮಾ ಟಾಕೀಸುಗಳನ್ನು ಹತ್ತಿರದಿಂದ ಕಂಡರು. ಆ ಮುಂಬಯಿ ಕಥೆಗಳನ್ನು ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದ ‘ನೋ ಪ್ರೆಸೆಂಟ್ಸ್ ಪ್ಲೀಸ್’ ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ 2018ರ ಡಿಎಸ್‌ಸಿ ಪ್ರಶಸ್ತಿ ಪಡೆಯಿತು. ಗೋಕರ್ಣದ ಓದುಗನಿಗೆ ಆ ಚಾಳುಗಳ ಪರಿಚಯವಿತ್ತೇ? ಇರಲಿಲ್ಲ. ಓದಿ ಪರಿಚಯವಾಯಿತು. 1984ರಲ್ಲಿ ನನಗೆ ಹೊಳೆಯದೆ ಹೋದದ್ದು ಇದು.

ಕಡಲಾಚೆಯ ದೇಶಗಳ ಲೆಕ್ಕಕ್ಕೆ ಬಂದರೆ ಮೊದಲು ನಿಲ್ಲಬೇಕಾದ ಊರು ಭಟ್ಕಳ. ನವಾಯತರು ಹಿಂದಿನಿಂದಲೂ ಕಡಲು ನಂಬಿದ ವ್ಯಾಪಾರಿಗಳು. ಕಲ್ಲಿಕೋಟೆ, ಮದ್ರಾಸು, ಮುಂಬಯಿಗಳಲ್ಲಿ ಬಟ್ಟೆ ಅಂಗಡಿ ಇಟ್ಟವರು, ಕೊಲ್ಲಿಯಲ್ಲಿ ಎಣ್ಣೆಯ ದುಡ್ಡು ಹರಿಯತೊಡಗಿದ ಮೇಲೆ ದುಬೈ, ಸೌದಿ, ಕುವೈತ್‌ಗಳಿಗೆ ಹೋದರು. ಇಲ್ಲಿಯ ಎಷ್ಟೋ ಮನೆಗಳ ಗಂಡಸರು ಎರಡು ವರ್ಷಕ್ಕೊಮ್ಮೆ ಬಂದುಹೋಗುವ ನೆಂಟರಾದರು. ಅವರೇನೂ ಬರೆಯದೆ ಇರಲಿಲ್ಲ. ಕೊಂಕಣಿಯ ಬೇರಿಗೆ ಅರಬ್ಬಿ, ಪಾರ್ಸಿ ಶಬ್ದಗಳು ಕೂಡಿಕೊಂಡ ನವಾಯತಿಯನ್ನು ಉರ್ದು ಲಿಪಿಯಲ್ಲಿ ಬರೆಯುತ್ತಾರೆ. ಭಟ್ಕಳದಿಂದಲೇ ‘ನಕ್ಷ್-ಎ-ನವಾಯತ್’ ಎಂಬ ಪತ್ರಿಕೆ ಆ ಭಾಷೆಯಲ್ಲಿ ಬಂತು. ಕಾಗದಗಳು, ಕವಿತೆಗಳು, ಮಾತು ತುಂಬಿಸಿ ಕಳಿಸಿದ ಕ್ಯಾಸೆಟ್ಟುಗಳು ಎಷ್ಟಿರಬಹುದು! ಅದೇ ಊರಿನಲ್ಲಿ, ಅದೇ ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯಲ್ಲಿ ಪಕ್ಕಪಕ್ಕ ತೂಗಿದ ಆ ಪತ್ರಿಕೆಯೂ ನಮ್ಮದೂ ಒಂದನ್ನೊಂದು ಓದಲಿಲ್ಲ. ಲಿಪಿ ಬರುವುದಿಲ್ಲವೆಂದು ಸುಮ್ಮನಾದೆವು. ಓದಿ ಹೇಳುವವರು ನಾಲ್ಕು ಮನೆ ಆಚೆಗೇ ಇದ್ದರು, ಕೇಳಲಿಲ್ಲ. ಈ ಸಿಂಹಾವಲೋಕನದಲ್ಲಿ ನನಗೆ ಅತಿ ಹೆಚ್ಚು ನೋವು ಕೊಡುವ ಸಾಲದ ಬಾಬ್ತು ಇದೇ.

ಹೊಸಬನ ಕಣ್ಣಿಗೆ ಬೆಲೆ ಎಷ್ಟು ಎಂಬುದನ್ನು ಹೊನ್ನಾವರದವರಾದರೂ ತಿಳಿಯಬೇಕಿತ್ತು. 14ನೇ ಶತಮಾನದಲ್ಲಿ ಮೊರಾಕ್ಕೋದ ಇಬ್ನ್ ಬತೂತ ಇಲ್ಲಿಗೆ ಬಂದ, ಇಲ್ಲಿಯ ಸುಲ್ತಾನ ಜಮಾಲುದ್ದೀನನ ಅತಿಥಿಯಾಗಿ ಉಳಿದ. ಮುಂದೆ ತನ್ನ ದೇಶಕ್ಕೆ ಮರಳಿ ಪ್ರವಾಸದ ಕಥೆಯನ್ನು ಹೇಳಿ ಬರೆಸಿದ. ಅದು ಮುಗಿದದ್ದು 1355ರಲ್ಲಿ. ಈ ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ, ಹೆಂಗಸರು ಕುರಾನ್ ಕಂಠಪಾಠ ಮಾಡಿದ್ದಾರೆ, ಜನ ಕಡಲ ವ್ಯಾಪಾರದಿಂದ ಬದುಕುತ್ತಾರೆ ಎಂದು ಅವನು ಹೇಳಿದ್ದರಿಂದ ನಮಗೆ ಗೊತ್ತು. ಊರಿನವರಿಗೆ ಅದು ದಿನನಿತ್ಯದ ಸಂಗತಿ, ಹೊಸಬನಿಗೆ ಬೆರಗು. ಹಾಗೆಯೇ ದುಬೈ ಕೊಲ್ಲಿಯ ದಂಡೆಯಲ್ಲಿ ನಿಂತು, ನಮ್ಮ ಮಚವೆಯಂಥದೇ ಮರದ ಹಡಗುಗಳಿಗೆ ಟಿವಿ, ಟಯರು, ಚಹಾಪೆಟ್ಟಿಗೆ ಹೇರುವುದನ್ನು ನೋಡಿದ ಮಂಕಿಯ ಹುಡುಗನೂ ಒಬ್ಬ ಇಬ್ನ್ ಬತೂತನೇ. ಬಯಲಿದ್ದಲ್ಲಿ ಗೋಪುರಗಳು ಎದ್ದದ್ದನ್ನು ಕಂಡವನು ಅವನು. ಪಾಸ್‌ಪೋರ್ಟನ್ನು ಮಾಲೀಕನ ಕಪಾಟಿನಲ್ಲಿಟ್ಟು ದುಡಿದವನು ಅವನು. ಅವನಿಂದ ನಾವು ಹೇಳಿಸಿ ಬರೆಸಲಿಲ್ಲ.

ಬೇರೆ ಕಡೆ ಇಷ್ಟು ಹೊತ್ತಿಗೆ ಕೆಲಸ ಸಾಗಿತ್ತು. ಎ.ಕೆ. ರಾಮಾನುಜನ್ ಷಿಕಾಗೋದಲ್ಲಿದ್ದುಕೊಂಡೇ ‘ಹೊಕ್ಕುಳಲ್ಲಿ ಹೂವಿಲ್ಲ’ ಕೊಟ್ಟರು. ಶಿಕಾರಿಪುರ ಹರಿಹರೇಶ್ವರ ದಂಪತಿ ಅಮೆರಿಕದಿಂದ ‘ಅಮೆರಿಕನ್ನಡ’ ಪತ್ರಿಕೆ ನಡೆಸಿದರು. ಅಲ್ಲಿಯ ಕನ್ನಡ ಸಾಹಿತ್ಯ ರಂಗ ವಸಂತ ಸಾಹಿತ್ಯೋತ್ಸವ ಮಾಡುತ್ತ, ಪ್ರತಿ ಸಲವೂ ಅಲ್ಲಿಯವರ ಬರಹದ ಪುಸ್ತಕ ತರುತ್ತ ಬಂದಿದೆ. ಗುರುಪ್ರಸಾದ ಕಾಗಿನೆಲೆಯವರ ‘ಹಿಜಾಬ್’ ಮಿನೆಸೋಟದ ಆಸ್ಪತ್ರೆಯೊಂದರೊಳಗೆ ಹೊಕ್ಕು, ಅಲ್ಲಿಗೆ ವಲಸೆ ಬಂದ ಬೇರೆ ನಾಡಿನ ಹೆಂಗಸರನ್ನು ಭಾರತದಿಂದ ಬಂದ ವೈದ್ಯರ ಕಣ್ಣಿನಿಂದ ನೋಡುತ್ತದೆ. ವಲಸೆಗಾರ ಇನ್ನೊಬ್ಬ ವಲಸೆಗಾರನನ್ನು ನೋಡುವ ಈ ನೋಟಕ್ಕೆ ಊರಿನ ಜಗಲಿ ಸಾಲುವುದಿಲ್ಲ.

ಸೌಕರ್ಯದ ಕೊರತೆ ಈಗಿಲ್ಲ. 1998ರಲ್ಲಿ ಬಂದ ‘ಬರಹ’ ತಂತ್ರಾಂಶ, ಆಮೇಲೆ ಯುನಿಕೋಡ್, ಈಗ ಕೈಯಲ್ಲಿರುವ ಮೊಬೈಲ್, ಇವುಗಳಿಂದ ಅಂಚೆಚೀಟಿಯ ಪ್ರಶ್ನೆಯೇ ಉಳಿದಿಲ್ಲ. ಬೆಳಿಗ್ಗೆ ದೋಹಾದಲ್ಲಿ ಮುಗಿಸಿದ ಬರಹ ಮಧ್ಯಾಹ್ನದೊಳಗೆ ಕುಮಟೆಯಲ್ಲಿರುತ್ತದೆ. ಈ ವರ್ಷವೂ ಹೊರದೇಶಗಳಿಂದ ಬಂದ ಬರಹಗಳ ರಾಶಿಯೇ ಇದೆ. ಅಜ್ಜನ ಮನೆಯ ಹೆಬ್ಬಾಗಿಲು, ಅಪ್ಪೆಮಿಡಿ, ಅಘನಾಶಿನಿಯ ಗಜನಿ ಗದ್ದೆ, ಇಡಗುಂಜಿ ತೇರು. ಪ್ರೀತಿಯಿಂದ ಬರೆದದ್ದನ್ನು ಹಗುರವಾಗಿ ಕಾಣುವ ಮನಸ್ಸು ನನಗಿಲ್ಲ, ಕೆಲವನ್ನು ಪ್ರಕಟಿಸಿಯೂ ಇದ್ದೇವೆ. ಆದರೆ ಈ ಸಲ ಪ್ರತಿಯೊಬ್ಬರಿಗೂ ಒಂದು ಕಾಗದ ಬರೆದೆ: ನಿಮ್ಮ ಈಗಿನ ಮನೆಯ ಕಿಟಕಿಯಿಂದ ಏನು ಕಾಣುತ್ತದೆ, ಮೊದಲ ತಿಂಗಳ ಸಂಬಳದಲ್ಲಿ ಯಾವ ಸಾಲ ತೀರಿತು, ಮಕ್ಕಳು ಶಾಲೆಯಿಂದ ಬಂದು ಯಾವ ಭಾಷೆಯಲ್ಲಿ ಜಗಳವಾಡುತ್ತಾರೆ, ಅದನ್ನು ಬರೆಯಿರಿ.

ದುಬೈಯ ಆ ತರುಣ ಈಗ ಊರಿಗೆ ಮರಳಿ ಹೊನ್ನಾವರದ ಕಾಸರಕೋಡಿನಲ್ಲಿದ್ದಾರೆ. ಮೊನ್ನೆ ಅವರ ಮನೆಗೆ ಹೋಗಿ ಏರ್ ಲೆಟರನ್ನು ಕೈಯಲ್ಲಿಟ್ಟು, ತಪ್ಪು ನನ್ನದು ಎಂದೆ. ಅವರು ಮಾತಾಡದೆ ಒಳಗೆ ಹೋಗಿ ಒಂದು ಕಟ್ಟು ತಂದರು. ವಾಪಸಿನ ಲಕೋಟೆಯ ಮೇಲೆ ಊರಿನ ವಿಳಾಸವೇ ಇದ್ದದ್ದರಿಂದ ಕಥೆ ದುಬೈಗೆ ಹೋಗದೆ ಆಯಿಯ ಹತ್ತಿರ ಬಂದಿತ್ತು, ಅವಳು ಅದನ್ನು ಸೀರೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಕಟ್ಟಿನ ಅಡಿಯಲ್ಲಿ ಕಥೆಯ ಮೊದಲ ಕರಡು ಇತ್ತು. ಹೊಸ ಅಂಗಿಯ ಮಡಿಕೆಯೊಳಗೆ ಇಡುವ ರಟ್ಟಿನ ತುಂಡುಗಳ ಮೇಲೆ, ಅಂಗಡಿ ಮುಚ್ಚಿದ ಮೇಲೆ ಬರೆದದ್ದು. ಕೆಲವು ರಟ್ಟುಗಳಲ್ಲಿ ಕಾಲರಿನ ಟಾಚಣಿ ಚುಚ್ಚಿದ ತೂತು ಇನ್ನೂ ಇದೆ.

ಕಥೆ ಈ ಸಂಚಿಕೆಯಲ್ಲಿದೆ. ಒಂದು ಅಕ್ಷರವನ್ನೂ ತಿದ್ದುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಹೊರಟು ಅಂಗಳಕ್ಕೆ ಇಳಿದಾಗ ಅವರೇ ಹಿಂದಿನಿಂದ ಕರೆದರು. “ಒಂದು ಕಡೆ ತಿದ್ದಬೇಕು. ಕೋಣೆಯಲ್ಲಿ ಆರು ಮಂದಿ ಅಂತ ಬರೆದಿದ್ದೆ. ಹತ್ತು ಮಾಡಿ. ಆಯಿ ಯಾರ ಹತ್ತಿರವಾದರೂ ಓದಿಸಿಕೊಂಡಾಳು ಅಂತ ಆಗ ಕಡಿಮೆ ಹಾಕಿದ್ದೆ.”