ಕನ್ನಡಿ ಮುಂದಿನ ಕಣ್ಕಟ್ಟು

ನಾಲ್ಕು ತಿಂಗಳಿಂದ ದಿನಾ ಬೆಳಗ್ಗೆ ಬಚ್ಚಲುಮನೆ ಕನ್ನಡಿ ಮುಂದೆ ಇಪ್ಪತ್ತು ನಿಮಿಷ ನಿಲ್ತೀನಿ. ಹಲ್ಲುಜ್ಜೋಕಲ್ಲ, 10 ರೂಪಾಯಿ ನಾಣ್ಯ ಮಾಯ ಮಾಡೋಕೆ. ಹೆಂಡತಿ ಮೊದಮೊದಲು ನಗ್ತಿದ್ಲು. ಈಗ ಬಾಗಿಲು ಬಡಿದು, ‘ಮಾಯ ಆಗಿದ್ರೆ ಬೇಗ ಬನ್ರೀ, ನಂಗೂ ಆಫೀಸಿದೆ’ ಅಂತಾಳೆ.

ಶುರುವಾಗಿದ್ದು ಇಸ್ಪೀಟಿನಿಂದ. 21 ಎಲೆಯ ಆಟ ನಿಮಗೂ ಗೊತ್ತಿರಬಹುದು. ಎಲೆಗಳನ್ನು ಒಂದೊಂದಾಗಿ ಮೂರು ಸಾಲಿಗೆ ಹಂಚಬೇಕು. ಎದುರಿನವರು ಮನಸ್ಸಲ್ಲಿ ಒಂದು ಎಲೆ ಇಟ್ಕೊಂಡು ಅದು ಯಾವ ಸಾಲಲ್ಲಿದೆ ಅಂತ ಮಾತ್ರ ಹೇಳ್ತಾರೆ. ಆ ಸಾಲನ್ನು ಮಧ್ಯಕ್ಕಿಟ್ಟು ಜೋಡಿಸಿ ಮತ್ತೆ ಹಂಚೋದು. ಹೀಗೆ ಮೂರು ಸಲ ಕೇಳಿ ಜೋಡಿಸಿದ್ರೆ ಅವರ ಎಲೆ 11ನೇದಾಗಿ ಬರುತ್ತೆ. ಮೊದಲ ಉತ್ತರಕ್ಕೆ 21ರಲ್ಲಿ 7 ಉಳಿಯುತ್ತೆ, ಎರಡನೆಯದಕ್ಕೆ 2 ಅಥವಾ 3, ಮೂರನೆಯದಕ್ಕೆ ಒಂದೇ. ಕೈಚಳಕವೇ ಬೇಡ, ಬರೀ ಲೆಕ್ಕ. ಆಫೀಸಲ್ಲಿ ಊಟದ ಹೊತ್ತಿಗೆ ತೋರಿಸಿದೆ. ಎಲೆ ಸರಿಯಾಗೇ ಬಂತು. ‘ಓಕೆ, ಲಾಜಿಕ್ ಏನು?’ ಅಂದ ಪಕ್ಕದ ಸೀಟಿನವ. ಯಾರಿಗೂ ಬೆರಗಾಗಲಿಲ್ಲ.

ಬೆರಗು ಅಂದ್ರೆ ನನಗೆ ಪ್ರೈಮರಿ ಸ್ಕೂಲಿನ ಸ್ಟೇಜು. ಅಲ್ಲಿ ಬಂದಿದ್ದ ಜಾದೂಗಾರರು ಪ್ರತಿ ಐಟಂ ಮುಗಿದಾಗಲೂ ಅದೇ ಖಾಲಿ ಚೊಂಬು ಬಗ್ಗಿಸಿ ನೀರು ಸುರೀತಿದ್ರು. ‘ವಾಟರ್ ಆಫ್ ಇಂಡಿಯಾ’ ಅನ್ನೋ ಹಳೇ ಐಟಂ ಅದು ಅಂತ ಆಮೇಲೆ ತಿಳೀತು. ಮನೇಲಿ ಅಪ್ಪ ಇದ್ರು. ಊಟಕ್ಕೆ ಹಟ ಮಾಡಿದ್ರೆ ನನ್ನ ಕಿವಿ ಹಿಂದಿನಿಂದ ಒಂದು ರೂಪಾಯಿ ತೆಗೀತಿದ್ರು. ಅವರಿಗೆ ಬರ್ತಿದ್ದದ್ದು ಅದೊಂದೇ ಜಾದೂ.

ಹಾಗಾಗಿ ಎಲೆ ಬಿಟ್ಟು ನಾಣ್ಯ ಹಿಡಿದೆ. ಜೆ. ಬಿ. ಬೋಬೋ ಅವರ ‘ಮಾಡರ್ನ್ ಕಾಯಿನ್ ಮ್ಯಾಜಿಕ್’ ತರಿಸಿದೆ. 1952ರ ಪುಸ್ತಕ, ಇವತ್ತಿಗೂ ಓದ್ತಾರೆ. ಮೊದಲು ಕಲಿತದ್ದು ಫ್ರೆಂಚ್ ಡ್ರಾಪ್. ಎಡಗೈ ಬೆರಳ ತುದಿಯಲ್ಲಿ ನಾಣ್ಯ. ಬಲಗೈ ಅದನ್ನು ಮರೆ ಮಾಡಿ, ತಗೊಂಡ ಹಾಗೆ ಮುಷ್ಟಿ ಕಟ್ಟಿ ಹೋಗುತ್ತೆ. ಆ ಮರೆಯಲ್ಲೇ ನಾಣ್ಯ ಎಡಗೈ ಒಳಕ್ಕೆ ಬಿದ್ದಿರುತ್ತೆ. (ಜಾದೂಗಾರರು ಬೈಬೇಡಿ, ಇದು ಎಲ್ಲರಿಗೂ ಗೊತ್ತಿರೋ ಗುಟ್ಟು.)

ಎರಡೇ ದಿನಕ್ಕೆ ಕೈಗೆ ಬಂತು. ಆದ್ರೂ ಹೆಂಡತಿ ಪ್ರತಿ ಸಲ ಎಡಗೈನೇ ತೋರಿಸ್ತಿದ್ಲು. ಫೋನಲ್ಲಿ ವಿಡಿಯೋ ಮಾಡಿ ನೋಡಿದ ಮೇಲೆ ಗೊತ್ತಾಯ್ತು, ಬಲಗೈ ಆಚೆ ಹೋಗ್ತಿದ್ರೂ ನಾನೇ ಎಡಗೈ ನೋಡ್ತಿದ್ದೆ! ಖಾಲಿ ಮುಷ್ಟಿಯಲ್ಲಿ ನಾಣ್ಯ ಇದೆ ಅಂತ ಮೊದಲು ನಾನು ನಂಬಬೇಕು. ನಾನು ನೋಡಿದ ಕಡೆಗೇ ಎದುರಿನವರೂ ನೋಡ್ತಾರೆ. ನಮ್ಮ ಹಿರಿಯರು ಕಣ್ಕಟ್ಟು ಅಂತ ಸುಮ್ನೆ ಕರೆದಿಲ್ಲ. ಅದಕ್ಕೆ ಈಗ ಹತ್ತು ಸಲ ನಿಜವಾಗಿಯೇ ತಗೋತೀನಿ, ಹನ್ನೊಂದನೇ ಸಲ ಸುಳ್ಳು. ಕಣ್ಣು, ಭುಜ ಎರಡೂ ಹಾಗೇ ಇರಬೇಕು. ಇದಕ್ಕೇ ತಿಂಗಳುಗಳು ಹಿಡಿದವು.

ಹೋದ ತಿಂಗಳು ಅಪ್ಪ ಹಾಸನದಿಂದ ಬಂದ್ರು. ಎರಡು ವರ್ಷದ ಹಿಂದೆ ಸ್ಟ್ರೋಕ್ ಆದ ಮೇಲೆ ಬಲಗೈಗೆ ಹಿಡಿತ ಕಮ್ಮಿ. ಕಾಫಿ ಲೋಟವೂ ಎಡಗೈಯಲ್ಲೇ. ಬೆರಳಿನ ವ್ಯಾಯಾಮ ಮಾಡಿ ಅಂದ್ರೆ ‘ನಾಳೆ ನೋಡೋಣ’ ಅಂತಾರೆ. ಮೂರು ವರ್ಷದ ಮಗಳಿಗೆ ನಾನು ನಾಣ್ಯ ಮಾಯ ಮಾಡಿ ತೋರಿಸ್ತಿದ್ದೆ. ‘ಕೊಡೋ ಇಲ್ಲಿ’ ಅಂತ ಬಲಗೈ ಚಾಚಿದ್ರು.

ಅವಳ ಕಿವಿ ಹತ್ರ ಒಯ್ಯುವಷ್ಟರಲ್ಲಿ ನಾಣ್ಯ ಟಣ್ ಅಂತ ಬಿತ್ತು. ಎತ್ಕೊಂಡ್ರು. ಮತ್ತೆ ಬಿತ್ತು. ನಾನು ಬಗ್ಗೋಕೆ ಹೋದ್ರೆ ಹೆಂಡತಿ ಬೇಡ ಅಂತ ಕಣ್ಸನ್ನೆ ಮಾಡಿದ್ಲು. ಮೂರನೇ ಸಲ ಬೆರಳ ಸಂದಿಯಲ್ಲಿ ನಾಣ್ಯದ ಅಂಚು ಚೆನ್ನಾಗಿ ಕಾಣ್ತಿತ್ತು. ಆದ್ರೆ ಅಪ್ಪ ಅವಳ ಕಿವಿಯನ್ನು ಎಷ್ಟು ಅಚ್ಚರಿಯಿಂದ ನೋಡಿದ್ರು ಅಂದ್ರೆ, ನಾನೂ ಕಿವಿಯನ್ನೇ ನೋಡಿದೆ. ನಾಣ್ಯ ಬಂತು. ಮಗಳು ಕಿವಿ ಮುಟ್ಟಿ ನೋಡ್ಕೊಂಡು, ಇನ್ನೊಂದು ಕಿವಿ ತೋರಿಸಿದ್ಲು.

ಈಗ ಸಂಜೆ ವಿಡಿಯೋ ಕಾಲಲ್ಲಿ ಅಪ್ಪಂದೇ ಶೋ. ‘ಇವತ್ತು ಎರಡೇ ಸಲ ಬಿತ್ತು ಕಣೋ’ ಅಂದ್ರು ನಿನ್ನೆ. ಮುಂದಿನ ಸಲ ಬರುವಾಗ ಒಂದು ಇಸ್ಪೀಟ್ ಪ್ಯಾಕ್ ತಗೊಂಡು ಬಾ ಅಂದಿದ್ದಾರೆ. ಅಮ್ಮನಿಗೆ ಹೇಳಬೇಡ ಅಂತಾನೂ.